ಔಷಧ ಚೀಟಿಯ ‘ಒ.ಡಿ.’, ಬೇವಿನ ‘ಇಂಡಿಕಾ’, ಊರಿನ ‘ಬಸ್’: ಲ್ಯಾಟಿನ್ ವಿಭಕ್ತಿಗಳ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿ

ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಲ್ಯಾಟಿನ್ ಭಾಷೆಯ ಬಗ್ಗೆ ಒಂದು ಸಂದೇಶ ಆಗಾಗ ತಲೆ ಎತ್ತುತ್ತದೆ. ರೂಪ ಬೇರೆ ಬೇರೆ, ತಿರುಳು ಹೆಚ್ಚುಕಡಿಮೆ ಒಂದೇ. ವೈದ್ಯರು ಚೀಟಿಯ ಮೇಲೆ ಬರೆಯುವ ‘ಆರ್ ಎಕ್ಸ್’ ರೋಮನ್ನರ ಗುರುದೇವತೆಗೆ ಮಾಡುವ ಪ್ರಾರ್ಥನೆಯಂತೆ. ಕೆಳಗಿನ ಒ.ಡಿ., ಎಸ್.ಒ.ಎಸ್.ಗಳು ನಮಗೆ ತಿಳಿಯಬಾರದೆಂದು ಬಳಸುವ ಗುಪ್ತ ಸಂಕೇತಗಳಂತೆ. ಲ್ಯಾಟಿನ್‌ಗೂ ಸಂಸ್ಕೃತದಂತೆ ವಿಭಕ್ತಿ ಇರುವುದರಿಂದ ಅದು ಸಂಸ್ಕೃತದ ಮಗಳಂತೆ. ಹೆಸರಿನಲ್ಲಿ ‘ಇಂಡಿಕಾ’ ಇರುವ ಗಿಡಗಳೆಲ್ಲ ಹುಟ್ಟಿದ್ದು ಭಾರತದಲ್ಲೇ ಅಂತೆ.

ಈ ಮಾತುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಬೇಸರದ ಸಂಗತಿ ಎಂದರೆ ಇವುಗಳ ಹಿಂದಿರುವ ನಿಜವಾದ ಕಥೆ ಸಂದೇಶಗಳಿಗಿಂತ ಸ್ವಾರಸ್ಯವಾಗಿದೆ, ನಮ್ಮ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದೆ, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಕಥೆ ಇರುವುದು ಲ್ಯಾಟಿನ್ ಪದಗಳ ಬಾಲದಲ್ಲಿ. ಮೊದಲು ಆ ಬಾಲ ಏನೆಂದು ನೋಡೋಣ.

ವಿಭಕ್ತಿ ಎಂದರೆ ನಮಗೆ ಹೊಸದೇನಲ್ಲ

‘ನಾಯಿ ಮನುಷ್ಯನನ್ನು ಕಚ್ಚಿತು’ ಎನ್ನಿ, ‘ಮನುಷ್ಯನನ್ನು ನಾಯಿ ಕಚ್ಚಿತು’ ಎನ್ನಿ, ಕಚ್ಚಿಸಿಕೊಂಡವನು ಮನುಷ್ಯನೇ. ಅದನ್ನು ಹೇಳುತ್ತಿರುವುದು ‘ಅನ್ನು’ ಎಂಬ ಪ್ರತ್ಯಯ. ಇಂಗ್ಲಿಷಿನಲ್ಲಿ ಹೀಗೆ ಪದಗಳನ್ನು ಹಿಂದೆಮುಂದೆ ಮಾಡಿದರೆ ಮನುಷ್ಯನೇ ನಾಯಿಯನ್ನು ಕಚ್ಚಿಬಿಡುತ್ತಾನೆ. ಲ್ಯಾಟಿನ್ ಈ ವಿಷಯದಲ್ಲಿ ನಮ್ಮ ಜೊತೆಗಿದೆ. ‘ಕಾನಿಸ್ ಹೊಮಿನೆಮ್ ಮೊರ್ಡೆಟ್’ ಎಂದರೂ ‘ಹೊಮಿನೆಮ್ ಕಾನಿಸ್ ಮೊರ್ಡೆಟ್’ ಎಂದರೂ ಕಚ್ಚಿದ್ದು ನಾಯಿ. ಹೊಮಿನೆಮ್‌ನ ಕೊನೆಯ ‘ಎಮ್’ ನಮ್ಮ ‘ಅನ್ನು’ವಿನ ಕೆಲಸ ಮಾಡುತ್ತದೆ.

ಶಾಲೆಯಲ್ಲಿ ನಾವು ಏಳು ವಿಭಕ್ತಿ ಮತ್ತು ಸಂಬೋಧನೆಯನ್ನು ಬಾಯಿಪಾಠ ಮಾಡಿದ್ದೇವೆ. ಲ್ಯಾಟಿನ್‌ನಲ್ಲಿ ಇರುವುದು ಆರು: ಕರ್ತೃವಿಗೆ ಒಂದು, ‘ಅನ್ನು’ವಿಗೆ ಒಂದು, ‘ಅ’ ಎಂಬ ಷಷ್ಠಿಗೆ ಒಂದು, ‘ಗೆ’ ಎಂಬ ಚತುರ್ಥಿಗೆ ಒಂದು, ಕರೆಯಲು ಒಂದು. ಬ್ರೂಟಸ್‌ನನ್ನು ಎದುರಿಗೆ ನಿಲ್ಲಿಸಿ ಕರೆದರೆ ಅವನು ‘ಬ್ರೂಟೆ’ ಆಗುವುದು ಈ ಸಂಬೋಧನೆಯಿಂದ. ಉಳಿದ ಆರನೆಯದು ವಿಚಿತ್ರ. ಅದು ‘ಇಂದ’ ಮತ್ತು ‘ಅಲ್ಲಿ’ ಎರಡರ ಕೆಲಸವನ್ನೂ ಹೊತ್ತುಕೊಂಡಿದೆ. ಹಿಂದೊಮ್ಮೆ ಬೇರೆಬೇರೆಯಾಗಿದ್ದ ಮೂರು ವಿಭಕ್ತಿಗಳು, ಅಂದರೆ ತೃತೀಯಾ, ಪಂಚಮಿ, ಸಪ್ತಮಿಗಳು ಲ್ಯಾಟಿನ್‌ನಲ್ಲಿ ಒಂದರೊಳಗೊಂದು ಕರಗಿಹೋದವು. ಸಪ್ತಮಿಯ ಹಳೆಯ ತುಣುಕುಗಳು ಮಾತ್ರ ಊರುಗಳ ಹೆಸರಿನಲ್ಲಿ, ‘ಮನೆಯಲ್ಲಿ’ ಎಂಬಂಥ ಕೆಲವು ಪದಗಳಲ್ಲಿ ಉಳಿದುಕೊಂಡವು.

ಇದನ್ನು ಓದಿ ಲ್ಯಾಟಿನ್ ಬಡವಾಯಿತು ಎಂದುಕೊಳ್ಳಬೇಡಿ. ನಾವೂ ‘ಚಾಕುವಿನಿಂದ ಕೊಯ್ದ’ ಎನ್ನುತ್ತೇವೆ, ‘ಮರದಿಂದ ಬಿದ್ದ’ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಪಂಚಮಿಗೆ ‘ದೆಸೆಯಿಂದ’ ಎಂದು ಪಠ್ಯಪುಸ್ತಕ ಹೇಳುತ್ತದೆ ನಿಜ, ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎನ್ನುವ ಕನ್ನಡಿಗರನ್ನು ನಾವಂತೂ ಕಂಡಿಲ್ಲ. ಏಳರ ಚೌಕಟ್ಟು ಸಂಸ್ಕೃತ ವ್ಯಾಕರಣದಿಂದ ಬಂದದ್ದು. ಕನ್ನಡವನ್ನು ಆ ಚೌಕಟ್ಟಿಗೆ ತುರುಕುವುದು ಸರಿಯೇ ಎಂದು ಡಿ.ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಗಳು ಪ್ರಶ್ನಿಸಿದ್ದಾರೆ.

ಹಾಗಾದರೆ ಲ್ಯಾಟಿನ್ ಕಲಿಯುವವರು ತಲೆ ಕೆರೆದುಕೊಳ್ಳುವುದು ಯಾಕೆ? ಕನ್ನಡದ ಪ್ರತ್ಯಯಗಳು ರೈಲಿನ ಡಬ್ಬಿಗಳಂತೆ. ಮರ, ಮರಗಳು, ಮರಗಳನ್ನು. ‘ಗಳು’ ಬಹುವಚನ ಹೇಳುತ್ತದೆ, ‘ಅನ್ನು’ ವಿಭಕ್ತಿ ಹೇಳುತ್ತದೆ, ಎರಡನ್ನೂ ಬಿಡಿಸಿ ತೋರಿಸಬಹುದು. ಲ್ಯಾಟಿನ್‌ನಲ್ಲಿ ಎರಡೂ ಒಂದೇ ಅಚ್ಚಿನಲ್ಲಿ ಎರಕವಾಗಿವೆ. ‘ರೋಸಾರುಮ್’ ಎಂದರೆ ‘ಗುಲಾಬಿಗಳ’. ಇದರಲ್ಲಿ ‘ಗಳು’ ಯಾವುದು, ‘ಅ’ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಸಾಲದ್ದಕ್ಕೆ ಇಂಥ ಅಚ್ಚುಗಳು ಐದು ಬಗೆ. ಒಂದೊಂದು ನಾಮಪದವೂ ಈ ಐದರಲ್ಲಿ ಒಂದು ಗುಂಪಿಗೆ ಸೇರುತ್ತದೆ, ಮತ್ತು ಗುಂಪು ಯಾವುದು ಎಂದು ಗೊತ್ತಾಗುವುದು ಷಷ್ಠಿ ರೂಪದಿಂದ. ಆದ್ದರಿಂದಲೇ ಲ್ಯಾಟಿನ್ ನಿಘಂಟು ಪ್ರತಿ ಪದವನ್ನೂ ಎರಡು ಸಲ ಕೊಡುತ್ತದೆ. ‘ಓಸ್’ ಎಂಬ ಪದ ಎರಡಿವೆ. ‘ಓಸ್, ಓರಿಸ್’ ಎಂದಿದ್ದರೆ ಬಾಯಿ, ‘ಓಸ್, ಓಸ್ಸಿಸ್’ ಎಂದಿದ್ದರೆ ಮೂಳೆ. ಬಾಯಿಯ ಮೂಲಕ ಕೊಡಬೇಕಾದ ಔಷಧಕ್ಕೆ ‘ಪೆರ್ ಓಸ್’ ಎನ್ನುವಾಗ ಅದು ಮೂಳೆಯಲ್ಲ ಎಂದು ಗೊತ್ತಿರಬೇಕಾದದ್ದು ಓದುವವನಿಗೆ.

ಅಂದಹಾಗೆ, ‘ಲ್ಯಾಟಿನ್‌ನಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ, ಅದು ಗಣಿತದಷ್ಟು ಕರಾರುವಾಕ್ಕು’ ಎಂಬ ಮಾತೂ ಓಡಾಡುತ್ತದೆ. ‘ರೋಸೈ’ ಎಂಬ ಒಂದೇ ರೂಪಕ್ಕೆ ಗುಲಾಬಿಯ, ಗುಲಾಬಿಗೆ, ಗುಲಾಬಿಗಳು, ಗುಲಾಬಿಗಳೇ ಎಂಬ ನಾಲ್ಕು ಅರ್ಥಗಳಿವೆ. ಗಣಿತ ಹೀಗಿದ್ದರೆ ಕಷ್ಟ.

ನೀವು ಹತ್ತುವ ಬಸ್ಸು ಒಂದು ವಿಭಕ್ತಿ ಪ್ರತ್ಯಯ

ಇದು ತಮಾಷೆಯಲ್ಲ. ಲ್ಯಾಟಿನ್‌ನಲ್ಲಿ ‘ಓಮ್ನಿಸ್’ ಎಂದರೆ ‘ಎಲ್ಲ’. ಅದರ ಚತುರ್ಥಿ ಬಹುವಚನ ‘ಓಮ್ನಿಬುಸ್’, ಅಂದರೆ ‘ಎಲ್ಲರಿಗೆ’. 19ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆ ಗಾಡಿಗೆ ಈ ಹೆಸರು ಬಂತು. ಇಂಗ್ಲಿಷಿನವರು ಅದರ ತಲೆಯನ್ನು ಕತ್ತರಿಸಿ ಬಾಲವನ್ನು ಮಾತ್ರ ಉಳಿಸಿಕೊಂಡರು. ಕನ್ನಡದಲ್ಲಿ ‘ಎಲ್ಲರಿಗೆ’ ಎಂಬುದನ್ನು ಕತ್ತರಿಸಿ ‘ರಿಗೆ ಬಂತು, ಹತ್ತಿ’ ಎಂದಂತೆ.

ಈ ‘ಬುಸ್’ ಸಂಸ್ಕೃತ ಓದಿದವರಿಗೆ ಪರಿಚಿತ ಮುಖ. ‘ಅಗ್ನಿಗಳಿಗೆ’ ಎನ್ನಲು ಸಂಸ್ಕೃತದಲ್ಲಿ ‘ಅಗ್ನಿಭ್ಯಃ’, ಲ್ಯಾಟಿನ್‌ನಲ್ಲಿ ‘ಇಗ್ನಿಬುಸ್’. ಏಕವಚನದಲ್ಲಿ ‘ಅಗ್ನಿಃ’, ‘ಇಗ್ನಿಸ್’. ದ್ವಿತೀಯೆಯಲ್ಲಿ ‘ಅಗ್ನಿಂ’, ‘ಇಗ್ನೆಮ್’. ಬೆಂಕಿ ಎಂಬ ಪದ ಮಾತ್ರ ಹೋಲುವುದಲ್ಲ, ಬಾಲಗಳೂ ಹೋಲುತ್ತವೆ. ಪದಗಳನ್ನು ಒಂದು ಭಾಷೆ ಇನ್ನೊಂದರಿಂದ ಸುಲಭವಾಗಿ ಎರವಲು ಪಡೆಯುತ್ತದೆ, ವಿಭಕ್ತಿ ಪ್ರತ್ಯಯಗಳ ಇಡೀ ಪಟ್ಟಿಯನ್ನು ಹಾಗೆ ಪಡೆಯುವುದು ಬಹಳ ಅಪರೂಪ. ಆದ್ದರಿಂದ ಇದು ರಕ್ತಸಂಬಂಧದ ಗುರುತು. ಫಾರ್ವರ್ಡ್ ಇಲ್ಲಿಯವರೆಗೆ ಸರಿಯಾಗಿಯೇ ಇದೆ.

ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಇಬ್ಬರ ಮೂಗು ಒಂದೇ ಥರ ಇದ್ದರೆ ಒಬ್ಬರು ಇನ್ನೊಬ್ಬರ ಮಗಳೇ ಆಗಬೇಕಿಲ್ಲ, ಅಕ್ಕತಂಗಿಯರೂ ಆಗಿರಬಹುದು. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತನಾಡಿದ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂಬ ಅಭಿಪ್ರಾಯ ಮುಂದಿಟ್ಟರು. ನಂತರದ ಭಾಷಾವಿಜ್ಞಾನ ಅದನ್ನು ಬಲಪಡಿಸಿತು. ಹೇಗೆ ಎಂಬುದಕ್ಕೆ ನಿಮ್ಮ ಮೊಬೈಲಿನಲ್ಲೇ ಪರೀಕ್ಷಿಸಬಹುದಾದ ಒಂದು ಸಾಕ್ಷಿ ಕೊಡುತ್ತೇವೆ.

ಸಂಸ್ಕೃತದಲ್ಲಿ ಅಸ್ತಿ, ಅಷ್ಟ, ಅಜತಿ ಎಂಬ ಮೂರು ಪದಗಳಿವೆ: ಇದೆ, ಎಂಟು, ಅಟ್ಟುತ್ತಾನೆ. ಮೂರೂ ‘ಅ’ದಿಂದ ಶುರುವಾಗುತ್ತವೆ. ಲ್ಯಾಟಿನ್‌ನಲ್ಲಿ ಇವು ಎಸ್ಟ್, ಓಕ್ಟೋ, ಅಗಿಟ್. ಗ್ರೀಕ್‌ನಲ್ಲಿ ಎಸ್ತಿ, ಓಕ್ತೋ, ಅಗೈ. ಎರಡರಲ್ಲೂ ಮೊದಲನೆಯದು ‘ಎ’, ಎರಡನೆಯದು ‘ಒ’, ಮೂರನೆಯದು ‘ಅ’. ಸಂಸ್ಕೃತವೇ ತಾಯಿಯಾಗಿದ್ದರೆ ಒಂದೇ ‘ಅ’ ಯಾವ ಪದದಲ್ಲಿ ‘ಎ’ ಆಗಬೇಕು, ಯಾವುದರಲ್ಲಿ ‘ಒ’ ಆಗಬೇಕು ಎಂದು ರೋಮ್‌ನವರೂ ಗ್ರೀಸಿನವರೂ ಕೂಡಿ ಮಾತಾಡಿಕೊಂಡಂತೆ ಒಂದೇ ತೀರ್ಮಾನಕ್ಕೆ ಬರಲು ಹೇಗೆ ಸಾಧ್ಯ? ಮೂರು ಸ್ವರಗಳು ಮೊದಲಿನಿಂದಲೂ ಬೇರೆಬೇರೆ ಇದ್ದವು, ಸಂಸ್ಕೃತದಲ್ಲಿ ಅವು ಒಂದಾದವು ಎಂದರೆ ಎಲ್ಲವೂ ಸರಿಹೋಗುತ್ತದೆ. ಇನ್ನೊಂದೆಡೆ ಎಂಟು ವಿಭಕ್ತಿಗಳನ್ನು ಚೆನ್ನಾಗಿ ಕಾಪಾಡಿಕೊಂಡದ್ದು ಸಂಸ್ಕೃತ. ಅಕ್ಕ ಒಂದನ್ನು ಉಳಿಸಿಕೊಂಡಳು, ತಂಗಿ ಇನ್ನೊಂದನ್ನು.

‘ವಿಭಕ್ತಿ ಇದೆ, ಆದ್ದರಿಂದ ಸಂಬಂಧ ಇದೆ’ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ಕನ್ನಡಕ್ಕೆ ವಿಭಕ್ತಿ ಇದೆ, ಅದು ದ್ರಾವಿಡ ಭಾಷೆ. ಫಿನ್ನಿಶ್ ಭಾಷೆಯಲ್ಲಿ ಹದಿನೈದು ವಿಭಕ್ತಿಗಳನ್ನು ಎಣಿಸುತ್ತಾರೆ, ಅದಕ್ಕೆ ಲ್ಯಾಟಿನ್ ಜೊತೆಗೂ ನಂಟಿಲ್ಲ, ಸಂಸ್ಕೃತದ ಜೊತೆಗೂ ಇಲ್ಲ. ವಿಭಕ್ತಿ ಇರುವುದು ದೊಡ್ಡ ವಿಷಯವಲ್ಲ, ಪ್ರತ್ಯಯಗಳು ನಿಯಮಬದ್ಧವಾಗಿ ಹೊಂದಬೇಕು.

ಅಶ್ವತ್ಥ ಸ್ತ್ರೀಲಿಂಗ, ಹಲಸು ಪುಲ್ಲಿಂಗ

ಈಗ ಗಿಡಮರಗಳ ಕಡೆ ಬರೋಣ. ಕನ್ನಡದಲ್ಲಿ ಲಿಂಗ ಅರ್ಥದಿಂದ ತೀರ್ಮಾನವಾಗುತ್ತದೆ. ಗಂಡಸು ಬಂದ, ಹೆಂಗಸು ಬಂದಳು, ಮೇಜು ಬಂತು. ಲ್ಯಾಟಿನ್‌ನಲ್ಲಿ ಮೇಜು ಹೆಣ್ಣು, ಕಣ್ಣು ಗಂಡು, ಕಿವಿ ಹೆಣ್ಣು, ಯುದ್ಧ ನಪುಂಸಕ. ಹಿಂದಿ ಕಲಿಯುವಾಗ ನಮ್ಮವರು ಪಡುವ ಪಾಡು ನೆನಪಾದರೆ ಸಾಕು. ಮುಖ್ಯವಾದ ಮಾತೆಂದರೆ ವಿಶೇಷಣವೂ ನಾಮಪದದ ಲಿಂಗಕ್ಕೆ ತಕ್ಕಂತೆ ಬಾಲ ಬದಲಿಸಿಕೊಳ್ಳಬೇಕು. ಸಾಮಾನ್ಯವಾಗಿ ಪುಲ್ಲಿಂಗಕ್ಕೆ ‘ಉಸ್’, ಸ್ತ್ರೀಲಿಂಗಕ್ಕೆ ‘ಆ’, ನಪುಂಸಕಕ್ಕೆ ‘ಉಮ್’.

ನಿಮ್ಮ ಅಡುಗೆಮನೆಯಲ್ಲೇ ಈ ಮೂರೂ ಇವೆ. ಸೌತೆಕಾಯಿ ಕುಕುಮಿಸ್ ಸಟೈವಸ್, ಭತ್ತ ಒರೈಜಾ ಸಟೈವಾ, ಕೊತ್ತಂಬರಿ ಕೊರಿಯಾಂಡ್ರಮ್ ಸಟೈವಮ್, ಬೆಳ್ಳುಳ್ಳಿ ಆಲಿಯಮ್ ಸಟೈವಮ್. ಸಟೈವಸ್, ಸಟೈವಾ, ಸಟೈವಮ್ ಮೂರೂ ಒಂದೇ ಪದ, ಅರ್ಥ ‘ಬಿತ್ತಿ ಬೆಳೆದದ್ದು’. ಓಟ್ಸ್‌ನ ಹೆಸರು ಅವೆನಾ ಸಟೈವಾ, ಗಾಂಜಾದ ಹೆಸರು ಕ್ಯಾನಬಿಸ್ ಸಟೈವಾ. ಯಾವುದೋ ಪೊಟ್ಟಣದ ಮೇಲೆ ‘ಸಟೈವಾ’ ಎಂದು ಕಂಡು ಇದರಲ್ಲಿ ಗಾಂಜಾ ಇದೆಯೇ ಎಂದು ಗಾಬರಿಯಾಗುವವರಿದ್ದಾರೆ. ‘ಬೆಳೆದದ್ದು’ ಎಂಬ ವಿಶೇಷಣ ಹಂಚಿಕೊಂಡ ಮಾತ್ರಕ್ಕೆ ಓಟ್ಸ್ ಗಾಂಜಾ ಆಗುವುದಿಲ್ಲ. ಹಾಗೆಯೇ ಕಾಳುಮೆಣಸು ಪೈಪರ್ ನೈಗ್ರಮ್, ಕಾಕಿಹಣ್ಣಿನ ಗಿಡ ಸೊಲಾನಮ್ ನೈಗ್ರಮ್. ನೈಗ್ರಮ್ ಎಂದರೆ ‘ಕಪ್ಪು’ ಅಷ್ಟೇ. ಎರಡನೆಯ ಪದವನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಿ ಮನೆಮದ್ದು ಮಾಡಿಕೊಳ್ಳುವವರು ಮೊದಲನೆಯ ಪದವನ್ನೂ ಓದಬೇಕು.

ಒಂದು ಗಿಡವನ್ನು ವಿಜ್ಞಾನಿಗಳು ಒಂದು ಕುಲದಿಂದ ಇನ್ನೊಂದಕ್ಕೆ ವರ್ಗಾಯಿಸಿದರೆ ವಿಶೇಷಣದ ಬಾಲವೂ ಬದಲಾಗುತ್ತದೆ. ಲಿನ್ನೇಯಸ್ 1753ರಲ್ಲಿ ಲವಂಗಕ್ಕೆ ಕರಿಯೊಫಿಲ್ಲಸ್ ಅರೊಮ್ಯಾಟಿಕಸ್ ಎಂದು ಹೆಸರಿಟ್ಟರು. ಈಗ ಅದು ಸೈಜೀಜಿಯಮ್ ಅರೊಮ್ಯಾಟಿಕಮ್. ಹಳೆಯ ಪುಸ್ತಕದ ಲವಂಗವೂ ಹೊಸ ಪುಸ್ತಕದ ಲವಂಗವೂ ಬೇರೆಬೇರೆ ಗಿಡಗಳಲ್ಲ. ಸಸ್ಯಗಳ ಹೊಸ ಪ್ರಭೇದವನ್ನು ಪ್ರಕಟಿಸುವಾಗ ಲ್ಯಾಟಿನ್‌ನಲ್ಲೇ ವಿವರಣೆ ಕೊಡಬೇಕೆಂಬ ನಿಯಮ 2012ರ ಜನವರಿಯಿಂದ ಸಡಿಲವಾಗಿದೆ, ಇಂಗ್ಲಿಷಿನಲ್ಲೂ ಕೊಡಬಹುದು. ಆದರೆ ಹೆಸರಿನ ವ್ಯಾಕರಣಕ್ಕೆ ವಿನಾಯಿತಿ ಸಿಕ್ಕಿಲ್ಲ.

ಇಲ್ಲೊಂದು ಸುಂದರ ಗೊಂದಲವಿದೆ. ಅಶ್ವತ್ಥ ಫೈಕಸ್ ರಿಲಿಜಿಯೋಸಾ. ಮೊದಲ ಪದದ ಬಾಲ ಪುಲ್ಲಿಂಗದಂತಿದೆ, ಎರಡನೆಯದು ಸ್ತ್ರೀಲಿಂಗ. ತಪ್ಪಾಯಿತೇ? ಇಲ್ಲ. ರೋಮನ್ನರ ಕಣ್ಣಿಗೆ ಮರಗಳು ಹೆಚ್ಚಾಗಿ ಸ್ತ್ರೀಲಿಂಗ, ಪದದ ಕೊನೆ ಹೇಗೇ ಇರಲಿ. ಅದೇ ಕಾರಣಕ್ಕೆ ನಮ್ಮ ರೇಷ್ಮೆಹುಳುಗಳು ತಿನ್ನುವ ಹಿಪ್ಪುನೇರಳೆ ಮೋರಸ್ ಆಲ್ಬಾ, ಆದರೆ ಶ್ರೀಗಂಧ ಸಾಂಟಲಮ್ ಆಲ್ಬಮ್. ಹಲಸಿನದು ಇನ್ನೊಂದು ಕಥೆ. ಅದು ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್, ಎರಡೂ ಪುಲ್ಲಿಂಗ. ಯಾಕೆಂದರೆ ‘ಕಾರ್ಪಸ್’ ಬಂದದ್ದು ‘ಹಣ್ಣು’ ಎಂಬ ಗ್ರೀಕ್ ಪದದಿಂದ, ಅದು ಗ್ರೀಕ್‌ನಲ್ಲಿ ಪುಲ್ಲಿಂಗ. ‘ಅಶ್ವತ್ಥ ಹೆಣ್ಣು, ಹಲಸು ಗಂಡು ಎಂದು ವಿಜ್ಞಾನವೇ ಹೇಳಿದೆ’ ಎಂದು ಯಾರಾದರೂ ಫಾರ್ವರ್ಡ್ ಮಾಡುವ ಮೊದಲೇ ಹೇಳಿಬಿಡುತ್ತೇವೆ: ಇದು ಪದದ ಲಿಂಗ, ಮರದ ಲಿಂಗವಲ್ಲ. ನಿಜವಾಗಿ ಗಂಡುಮರ, ಹೆಣ್ಣುಮರ ಬೇರೆಬೇರೆ ಬೇಕಿದ್ದರೆ ಪಪ್ಪಾಯಿ ತೋಟಕ್ಕೆ ಹೋಗಿ.

ಇನ್ನು ‘ಇಂಡಿಕಾ’. ಬೇವು ಅಜಾಡಿರಾಕ್ಟಾ ಇಂಡಿಕಾ, ಮಾವು ಮ್ಯಾಂಜಿಫೆರಾ ಇಂಡಿಕಾ. ಹುಣಸೆ ಟ್ಯಾಮರಿಂಡಸ್ ಇಂಡಿಕಾ. ಟ್ಯಾಮರಿಂಡಸ್ ಎಂಬುದೇ ‘ಹಿಂದ್‌ನ ಖರ್ಜೂರ’ ಎಂಬ ಅರ್ಥದ ಅರಬ್ಬಿ ಪದದಿಂದ ಬಂದದ್ದು, ಹಾಗಾಗಿ ಈ ಹೆಸರಿನಲ್ಲಿ ಭಾರತ ಎರಡು ಸಲ ಬಂದಿದೆ. ಆದರೂ ಹುಣಸೆಯ ಮೂಲ ನೆಲೆ ಉಷ್ಣವಲಯದ ಆಫ್ರಿಕಾ. ‘ಇಂಡಿಕಾ’ ಹೇಳುವುದು ಹೆಸರಿಟ್ಟವರು ಅದನ್ನು ಯಾವ ನಾಡಿನ ಜೊತೆ ಜೋಡಿಸಿದರು ಎಂಬುದನ್ನು. ಅದು ಜನ್ಮ ಪ್ರಮಾಣಪತ್ರವಲ್ಲ.

‘ಜ್ವರದ’ ರೋಗಾಣು, ಜ್ವರ ತಾರದ ರೋಗಾಣು

ರೋಗಾಣುಗಳ ಹೆಸರುಗಳಲ್ಲಿ ಷಷ್ಠಿ ವಿಭಕ್ತಿ ತುಂಬಿದೆ. ಕೊನೆಯ ಪದವನ್ನು ‘ಇಂಥದ್ದರ’ ಎಂದು ಓದಿಕೊಳ್ಳಿ. ಮೈಕೊಬ್ಯಾಕ್ಟೀರಿಯಮ್ ಲೆಪ್ರೆ ‘ಕುಷ್ಠದ’, ವಿಬ್ರಿಯೊ ಕಾಲರೆ ‘ಕಾಲರಾದ’, ಎಶರಿಕಿಯಾ ಕೋಲೈ ‘ದೊಡ್ಡಕರುಳಿನ’. ಹೊಟ್ಟೆಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೋರಿ ಜಠರದ ಕೆಳಬಾಗಿಲಾದ ‘ಪೈಲೋರಸ್‌ನ’. ಇದರ ಸಂಶೋಧನೆಗೆ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆದರೆ ಮೊದಲು ಇದನ್ನು ಕ್ಯಾಂಪೈಲೊಬ್ಯಾಕ್ಟರ್ ಪೈಲೋರಿಡಿಸ್ ಎಂದು ಕರೆಯುತ್ತಿದ್ದರು. ಪೈಲೋರಸ್ ಎರಡನೆಯ ಗುಂಪಿನ ಪದ, ಅದರ ಷಷ್ಠಿ ‘ಪೈಲೋರಿ’ ಆಗಬೇಕು, ‘ಪೈಲೋರಿಡಿಸ್’ ಅಲ್ಲ. 1987ರಲ್ಲಿ ವ್ಯಾಕರಣ ಸರಿಪಡಿಸಿದರು, 1989ರಲ್ಲಿ ಕುಲದ ಹೆಸರೂ ಬದಲಾಯಿತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದುವುದು ಶಾಲೆಗೆ ಮಾತ್ರ ಸೀಮಿತವಲ್ಲ.

ವ್ಯಾಕರಣ ಸರಿಯಿದ್ದೂ ಅರ್ಥ ತಪ್ಪಿದ ಉದಾಹರಣೆ ಹೀಮೊಫಿಲಸ್ ಇನ್‌ಫ್ಲುಯೆಂಜೆ, ಅಂದರೆ ‘ಇನ್‌ಫ್ಲುಯೆಂಜಾದ’. 1892ರಲ್ಲಿ ರಿಚರ್ಡ್ ಫೈಫರ್ ಇದೇ ಫ್ಲೂ ಜ್ವರಕ್ಕೆ ಕಾರಣ ಎಂದುಕೊಂಡರು. ಮನುಷ್ಯರ ಫ್ಲೂಗೆ ಕಾರಣ ವೈರಸ್ ಎಂದು ಖಚಿತವಾದದ್ದು 1933ರಲ್ಲಿ. ಅಷ್ಟರಲ್ಲಿ ಬ್ಯಾಕ್ಟೀರಿಯಾದ ಹೆಸರು ಗಟ್ಟಿಯಾಗಿತ್ತು, ಇವತ್ತಿಗೂ ಹಾಗೇ ಇದೆ. ಇದು ನಿಮಗೆ ಯಾಕೆ ಬೇಕು ಎಂದರೆ, ಮಕ್ಕಳಿಗೆ 6, 10, 14ನೇ ವಾರದಲ್ಲಿ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿರುವ ‘ಹಿಬ್’ ಇದೇ ಬ್ಯಾಕ್ಟೀರಿಯಾದ ಒಂದು ಬಗೆಯ ವಿರುದ್ಧ. ಅದು ಮಿದುಳು ಪೊರೆಯ ಉರಿಯೂತ, ನ್ಯುಮೋನಿಯಾಗಳಿಂದ ಕಾಪಾಡುತ್ತದೆ. ಫ್ಲೂ ಲಸಿಕೆ ಬೇರೆ. ಲಸಿಕೆ ಕಾರ್ಡಿನಲ್ಲಿ ‘ಇನ್‌ಫ್ಲುಯೆಂಜೆ’ ಎಂದು ನೋಡಿ, ‘ಲಸಿಕೆ ಹಾಕಿಸಿದ್ದರೂ ಮಗುವಿಗೆ ಶೀತಜ್ವರ ಬಂತು, ಲಸಿಕೆ ಮೋಸ’ ಎಂದು ಬರೆಯುವವರು ಒಂದು ಷಷ್ಠಿ ಪ್ರತ್ಯಯದಿಂದ ದಾರಿ ತಪ್ಪಿದ್ದಾರೆ.

ಚೀಟಿಯಲ್ಲಿ ಕತ್ತರಿಸಿಹೋದ ಬಾಲ

ಕೊನೆಗೆ ಔಷಧ ಚೀಟಿ. ಆರ್ ಅಕ್ಷರದ ಕಾಲಿಗೆ ಎಳೆದ ಅಡ್ಡಗೀಟು ದೇವರ ಚಿಹ್ನೆಯಲ್ಲ. ಹಸ್ತಪ್ರತಿ ಬರೆಯುವವರು ಪದವನ್ನು ಮೊಟಕುಗೊಳಿಸಿದ್ದೇವೆ ಎಂದು ತೋರಿಸಲು ಹೀಗೆ ಗೀಟು ಹಾಕುತ್ತಿದ್ದರು. ಮೊಟಕಾದ ಪದ ‘ರೆಕಿಪೆ’, ಅಂದರೆ ‘ತೆಗೆದುಕೋ’. ಅಡುಗೆಯ ರೆಸಿಪಿಯೂ ಇದೇ. ಈ ಆಜ್ಞೆ ರೋಗಿಗಲ್ಲ, ಔಷಧ ತಯಾರಿಸುವವನಿಗೆ: ಇಂಥದ್ದರ ಇಷ್ಟು ತೆಗೆದುಕೋ ಎಂದು. ‘ಇಂಥದ್ದರ’ ಎಂದಾಗ ಔಷಧದ ಹೆಸರು ಷಷ್ಠಿಗೆ ಹೋಗುತ್ತದೆ. ರಷ್ಯಾದಲ್ಲಿ ಇಂದಿಗೂ ಚೀಟಿಯಲ್ಲಿ ಔಷಧದ ಹೆಸರನ್ನು ಲ್ಯಾಟಿನ್ ಷಷ್ಠಿಯಲ್ಲಿ ಬರೆಯುವ ಪದ್ಧತಿ ಇದೆ. ಅಲ್ಲಿಗೆ ವೈದ್ಯಕೀಯ ಓದಲು ಹೋಗುವ ನಮ್ಮ ಹುಡುಗರು ಶರೀರಶಾಸ್ತ್ರದ ಜೊತೆಗೆ ಲ್ಯಾಟಿನ್ ವಿಭಕ್ತಿಗಳನ್ನೂ ಉರುಹೊಡೆಯಬೇಕಾಗುವುದು ಈ ಕಾರಣಕ್ಕೆ.

ಗುರುದೇವತೆಯ ಹೆಸರಿನಲ್ಲಿ ಒಂದು ವಿಭಕ್ತಿ ಮಾತ್ರ ನಿಜವಾಗಿಯೂ ಅಡಗಿದೆ. ‘ಯುಪ್ಪಿಟೆರ್’ ಎಂಬುದು ಸಂಬೋಧನೆಯೇ ಗಟ್ಟಿಯಾಗಿ ಹೆಸರಾದದ್ದು: ಆಕಾಶ ತಂದೆಯೇ ಎಂದು ಕರೆದ ಹಳೆಯ ಕೂಗು. ವೇದದ ‘ದ್ಯೌಃ ಪಿತಾ’ ಅದರ ಸೋದರ.

ಈಗ ಸಂಕೇತಗಳು. ಬಿ.ಡಿ. ಎಂದರೆ ‘ಬಿಸ್ ಡಿಯೆ’, ದಿನಕ್ಕೆ ಎರಡು ಸಲ. ಟಿ.ಡಿ.ಎಸ್. ಎಂದರೆ ‘ಟೆರ್ ಡಿಯೆ ಸುಮೆಂಡುಮ್’, ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ಸಂಬಳದಲ್ಲಿ ಕಡಿತವಾಗುವ ಟಿಡಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ, ಎರಡೂ ಕಹಿ ಎಂಬುದನ್ನು ಬಿಟ್ಟರೆ. ಎ.ಸಿ. ‘ಆಂಟೆ ಕಿಬುಮ್’, ಊಟಕ್ಕೆ ಮುಂಚೆ. ಪಿ.ಸಿ. ‘ಪೋಸ್ಟ್ ಕಿಬುಮ್’, ಊಟದ ನಂತರ. ಎಚ್.ಎಸ್. ‘ಹೋರಾ ಸೋಮ್ನಿ’, ನಿದ್ರೆಯ ಹೊತ್ತಿನಲ್ಲಿ. ಈ ‘ಸೋಮ್ನುಸ್’ ಸಂಸ್ಕೃತದ ಸ್ವಪ್ನದ ಬಳಗ. ಎಸ್.ಒ.ಎಸ್. ಹಡಗಿನವರ ಆಪತ್ತಿನ ಕರೆಯಲ್ಲ, ‘ಸಿ ಓಪುಸ್ ಸಿಟ್’, ಅಂದರೆ ‘ಅಗತ್ಯ ಬಿದ್ದರೆ’. ಇದನ್ನು ತುರ್ತು ಔಷಧ ಎಂದುಕೊಂಡು ಹೆದರುವವರಿದ್ದಾರೆ, ದಿನವೂ ನುಂಗುವವರೂ ಇದ್ದಾರೆ. ಜ್ವರ ಬಂದರೆ, ನೋವಿದ್ದರೆ ಮಾತ್ರ ಎಂಬುದೇ ಅದರ ಅರ್ಥ. ಆಗಲೂ ಎಷ್ಟು ಗಂಟೆಯ ಅಂತರದಲ್ಲಿ, ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಕೇಳಿಕೊಳ್ಳಬೇಕು.

ಇವು ಗುಪ್ತ ಭಾಷೆಯಾಗಿ ಹುಟ್ಟಿದ್ದಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ವೈದ್ಯರು ಓದಿದ್ದೂ ಬರೆದದ್ದೂ ಲ್ಯಾಟಿನ್‌ನಲ್ಲಿ, ಹಾಗಾಗಿ ಒಂದು ದೇಶದ ಚೀಟಿ ಇನ್ನೊಂದು ದೇಶದಲ್ಲಿ ಓದಲು ಬರುತ್ತಿತ್ತು. ಆದರೆ ಅಪಾಯ ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಇದೆ, ಮತ್ತು ಅದು ಫಾರ್ವರ್ಡ್ ಹೇಳುವ ಅಪಾಯವಲ್ಲ. ಲ್ಯಾಟಿನ್ ತನ್ನ ಮಾಹಿತಿಯನ್ನೆಲ್ಲ ಪದದ ಕೊನೆಯಲ್ಲಿ ಇಡುತ್ತದೆ. ಸಂಕ್ಷೇಪ ಮಾಡುವಾಗ ನಾವು ಮೊದಲಕ್ಷರ ಇಟ್ಟುಕೊಂಡು ಕೊನೆಯನ್ನೇ ಎಸೆಯುತ್ತೇವೆ.

ಒ.ಡಿ. ತೆಗೆದುಕೊಳ್ಳಿ. ಮಾತ್ರೆಯ ಮುಂದೆ ಬರೆದರೆ ‘ಓಮ್ನಿ ಡಿಯೆ’, ದಿನಕ್ಕೊಮ್ಮೆ. ಕಣ್ಣಿನ ಚೀಟಿಯಲ್ಲಿ ‘ಓಕುಲುಸ್ ಡೆಕ್ಸ್‌ಟೆರ್’, ಬಲಗಣ್ಣು. ಇಂಗ್ಲಿಷಿನ ಆಡುಮಾತಿನಲ್ಲಿ ಓವರ್‌ಡೋಸ್. ಪೂರ್ತಿ ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಒ.ಎಸ್. ‘ಓಕುಲುಸ್ ಸಿನಿಸ್ಟೆರ್’, ಎಡಗಣ್ಣು. ಎ.ಎಸ್. ‘ಔರಿಸ್ ಸಿನಿಸ್ಟ್ರಾ’, ಎಡಗಿವಿ. ಕಣ್ಣು ಪುಲ್ಲಿಂಗ, ಆದ್ದರಿಂದ ಸಿನಿಸ್ಟೆರ್. ಕಿವಿ ಸ್ತ್ರೀಲಿಂಗ, ಆದ್ದರಿಂದ ಸಿನಿಸ್ಟ್ರಾ. ಪೂರ್ಣ ರೂಪದಲ್ಲಿ ಪದವೂ ಬೇರೆ, ಲಿಂಗವೂ ಬೇರೆ, ಎರಡೆರಡು ಕಾವಲು. ಸಂಕ್ಷೇಪದಲ್ಲಿ ಉಳಿಯುವ ವ್ಯತ್ಯಾಸ ಒಂದು ಅಕ್ಷರ, ಅದೂ ಅವಸರದ ಕೈಬರಹದಲ್ಲಿ ಒಂದೇ ಥರ ಕಾಣುವ ಎರಡು ದುಂಡು ಅಕ್ಷರಗಳು. ಕಿವಿಗೆ ಬಿಡಬೇಕಾದ ಹನಿ ಕಣ್ಣಿಗೆ ಹೋದರೆ ಏನಾಗಬಹುದು ಎಂದು ವಿವರಿಸಬೇಕಿಲ್ಲ. ಎಚ್.ಎಸ್. ಅನ್ನು ಇಂಗ್ಲಿಷಿನ ‘ಅರ್ಧ ಶಕ್ತಿ’ ಎಂದು ಓದಿಕೊಳ್ಳುವ ಸಾಧ್ಯತೆಯೂ ಇದೆ.

ಕ್ಯೂ.ಡಿ. ಎಂದರೆ ‘ಕ್ವಾಕ್ವೆ ಡಿಯೆ’, ದಿನವೂ ಒಮ್ಮೆ. ಕ್ಯೂ.ಐ.ಡಿ. ಎಂದರೆ ‘ಕ್ವಾಟೆರ್ ಇನ್ ಡಿಯೆ’, ದಿನಕ್ಕೆ ನಾಲ್ಕು ಸಲ. ನಡುವೆ ಒಂದು ಚುಕ್ಕೆ ಉದ್ದವಾದರೆ ಒಂದು ಮಾತ್ರೆ ನಾಲ್ಕಾಗುತ್ತದೆ. ಇಂಥ ಕಾರಣಗಳಿಂದಲೇ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡಿ ಕ್ಯೂ.ಡಿ.ಯನ್ನು ಅದಕ್ಕೆ ಸೇರಿಸಿತು. ‘ದಿನವೂ’ ಎಂದು ಪೂರ್ತಿಯಾಗಿ ಬರೆಯಿರಿ ಎಂಬುದು ಅದರ ಸೂಚನೆ. ನಮ್ಮಲ್ಲಿ 2016ರ ತಿದ್ದುಪಡಿಯಂತೆ ವೈದ್ಯರು ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಹೆಸರು ಸ್ಪಷ್ಟವಾದರೂ ಅದರ ಮುಂದಿನ ಎರಡು ಮೂರು ಅಕ್ಷರಗಳು ಹಲವು ಕಡೆ ಹಾಗೇ ಉಳಿದಿವೆ.

ಇದಕ್ಕೆ ನಮ್ಮ ಊರಿನ ಔಷಧ ಅಂಗಡಿಗಳಲ್ಲಿ ಒಂದು ಒಳ್ಳೆಯ ಪದ್ಧತಿ ಬಹಳ ಕಾಲದಿಂದ ಇದೆ. ಮಾತ್ರೆಯ ಪಟ್ಟಿಯ ಮೇಲೆ ಪೆನ್ನಿನಲ್ಲಿ 1-0-1 ಎಂದು ಬರೆದುಕೊಡುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಬರೆದುಕೊಡದಿದ್ದರೆ ಬರೆಸಿಕೊಳ್ಳಿ. ಊಟಕ್ಕೆ ಮುಂಚೆಯೋ ನಂತರವೋ, ಯಾವ ಕಣ್ಣಿಗೆ, ಎಷ್ಟು ದಿನ ಎಂಬುದನ್ನು ಅದರ ಪಕ್ಕದಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ, ‘ಗೆ’ ಮತ್ತು ‘ಅಲ್ಲಿ’ಗಳನ್ನು ಬಿಡದೆ.